ಉದ್ಯಮದ ಅಪಾಯ ನಿರ್ವಹಣೆ ಮತ್ತು ವ್ಯವಹಾರದ ನಿರಂತರತೆ

ಶರಣರು ಕಾಯಕ ಮತ್ತು ದಾಸೋಹಗಳನ್ನು ಒಂದೇ ಬದುಕಿನ ಎರಡು ಮುಖಗಳೆಂದು ಬಗೆದರು. ಕಾಯಕವು ನಿಂತರೆ ದಾಸೋಹವೂ ನಿಲ್ಲುತ್ತದೆ. ಆದುದರಿಂದ ಒಂದು ಉದ್ಯಮವು ಎಷ್ಟು ಗಳಿಸಿತೆಂಬುದಷ್ಟೇ ಅಲ್ಲ, ಅದು ಎಡೆಬಿಡದೆ ನಡೆಯಬಲ್ಲುದೇ ಎಂಬುದೂ ವಿಚಾರಾರ್ಹವಾದ ಪ್ರಶ್ನೆಯಾಗಿದೆ. ವಾಣಿಜ್ಯಶಾಸ್ತ್ರವು ಈ ಪ್ರಶ್ನೆಯನ್ನು ಎರಡು ಭಾಗಗಳಲ್ಲಿ ವಿವೇಚಿಸುತ್ತದೆ.

ಮೊದಲನೆಯದು ಸಮಗ್ರ ಅಪಾಯ ನಿರ್ವಹಣೆ. ಉದ್ಯಮದ ಗುರಿಗೆ ಧಕ್ಕೆ ತರಬಲ್ಲ ಸಂಗತಿಗಳು ಯಾವುವು, ಅವು ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಆಗುವ ಹಾನಿ ಎಷ್ಟು ಎಂದು ಮುಂಚಿತವಾಗಿಯೇ ತೂಗಿ ನೋಡುವುದು ಇದರ ಕಾರ್ಯ. ತೂಗಿದ ಮೇಲೆ ನಾಲ್ಕು ಮಾರ್ಗಗಳುಂಟು: ಅಪಾಯದಿಂದ ದೂರ ಸರಿಯುವುದು, ಅದನ್ನು ತಗ್ಗಿಸುವುದು, ವಿಮೆಯ ಮೂಲಕ ಹಂಚಿಕೊಳ್ಳುವುದು, ಇಲ್ಲವೆ ತಿಳಿದೇ ಹೊರುವುದು.

ಎರಡನೆಯದು ವ್ಯವಹಾರದ ನಿರಂತರತೆ. ಹಾನಿಯು ಸಂಭವಿಸಿಯೇ ಬಿಟ್ಟಾಗ ಯಾವ ಕೆಲಸವನ್ನು ಮೊದಲು, ಎಷ್ಟು ಹೊತ್ತಿನೊಳಗೆ, ಯಾರು ಪುನಃ ಆರಂಭಿಸಬೇಕೆಂಬುದನ್ನು ಗೊತ್ತುಮಾಡಿಡುವುದೇ ಇದರ ಸಾರ. ಹಾಲು ಉತ್ಪಾದಕರ ಸಂಘದಲ್ಲಿ ಸಂಗ್ರಹಣೆ ಒಂದು ಹೊತ್ತು ತಪ್ಪಿದರೂ ಹಾಲು ಕೆಡುತ್ತದೆ. ಲೆಕ್ಕದ ಪುಸ್ತಕವಾದರೋ ಎರಡು ದಿನ ಕಾಯಬಲ್ಲುದು. ಈ ತಾರತಮ್ಯವನ್ನು ಅರಿಯುವುದೇ ಇಲ್ಲಿ ಮೊದಲ ಹೆಜ್ಜೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಮೊದಲನೆಯ ವಿಷಯಕ್ಕೆ 2009ರಲ್ಲಿಯೂ ಎರಡನೆಯದಕ್ಕೆ 2012ರಲ್ಲಿಯೂ ಪ್ರತ್ಯೇಕ ಮಾನಕಗಳನ್ನು ಪ್ರಕಟಿಸಿತು.

ಹೆಸರು ಹೊಸದಾದರೂ ವಿಚಾರವು ನಮ್ಮವರಿಗೆ ಹೊಸದಲ್ಲ. ದೇವಿಕೊಪ್ಪದ ರೈತನು ಹೊಲಕ್ಕೆಲ್ಲ ಗೋವಿನಜೋಳವನ್ನೇ ಬಿತ್ತದೆ ಒಂದು ಭಾಗವನ್ನು ಭತ್ತಕ್ಕೆ ಬಿಟ್ಟರೆ ಅದು ಅಪಾಯ ನಿರ್ವಹಣೆ. ಮಳೆ ಕೈಕೊಟ್ಟು ಮೊದಲ ಬಿತ್ತನೆ ಕೆಟ್ಟರೆಂದು ಮರುಬಿತ್ತನೆಗೆ ಬೀಜ ತೆಗೆದಿರಿಸಿದರೆ ಅದು ನಿರಂತರತೆಯ ಏರ್ಪಾಡು.

ಇವೆರಡರ ಸಂಬಂಧವನ್ನು ತೋರುವ ದೊಡ್ಡ ನಿದರ್ಶನವೂ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಸ್ಥಾಪನೆಗೊಂಡಿತು. ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆದು ಖಾದಿಯ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೀರ್ತಿ ಅದರದು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಜೋಡಿಸುವುದು ಎಂಬ ಹಂತಗಳಲ್ಲಿ ಒಂದು ನಿಂತರೂ ಧ್ವಜವು ಪೂರ್ಣಗೊಳ್ಳದು. ಇಂತಹ ಕೆಲಸದಲ್ಲಿ ಪ್ರತಿಯೊಂದು ಹಂತಕ್ಕೂ ಬದಲಿ ವ್ಯವಸ್ಥೆ ಬೇಕೆಂಬುದು ನಿರಂತರತೆಯ ಪಾಠ.

ಆದರೆ ಪೆಟ್ಟು ಬಂದುದು ಬೇರೆಡೆಯಿಂದ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಕೈಯಿಂದ ನೂತು ನೇಯ್ದ ಬಟ್ಟೆಗೆ ಮಾತ್ರ ಇದ್ದ ಮಾನ್ಯತೆಯು ಯಂತ್ರನಿರ್ಮಿತ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ದೊರೆಯಿತು. ಮಗ್ಗ ಮುರಿಯಲಿಲ್ಲ, ಬೆಂಕಿ ಬೀಳಲಿಲ್ಲ. ಆದರೂ ಖಾದಿ ಧ್ವಜದ ಬೇಡಿಕೆ ಕುಗ್ಗಿತು. ನೂಲುವ, ಹೊಲಿಯುವ ಹೆಣ್ಣುಮಕ್ಕಳ ದುಡಿಮೆಗೇ ಸಂಚಕಾರ ಬಂದಿತು. 2022ರಲ್ಲಿ ಸಂಘವು ಈ ತಿದ್ದುಪಡಿಯನ್ನು ಪ್ರತಿಭಟಿಸಿತು.

ಇಂತಹ ಆಘಾತವನ್ನು ಬದಲಿ ಮಗ್ಗದಿಂದ ತಡೆಯಲಾಗದು. ನಮ್ಮ ವರಮಾನದಲ್ಲಿ ಎಷ್ಟು ಪಾಲು ಒಂದೇ ವಸ್ತುವನ್ನು, ಒಂದೇ ಗಿರಾಕಿಯನ್ನು, ಒಂದೇ ನಿಯಮವನ್ನು ನೆಚ್ಚಿದೆಯೆಂದು ಮೊದಲೇ ಕೇಳಿಕೊಂಡಲ್ಲಿ ಅದನ್ನು ತಗ್ಗಿಸಬಹುದು. ಹಾಗೆಂದು ಅಪಾಯಗಳ ಪಟ್ಟಿಯೊಂದೇ ಸಾಲದು; 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಮುಚ್ಚಿದಾಗ, ಪಟ್ಟಿಯಲ್ಲಿಲ್ಲದ ಸಂಕಟವೂ ಬರಬಹುದೆಂಬುದು ಮನವರಿಕೆಯಾಯಿತು. ಎಲ್ಲಿ ಸಿದ್ಧತೆ ಹೆಚ್ಚಿರಬೇಕೆಂಬುದನ್ನು ಅಪಾಯ ನಿರ್ವಹಣೆ ತಿಳಿಸುತ್ತದೆ. ಆ ಸಿದ್ಧತೆಯನ್ನು ಪರೀಕ್ಷಿಸಿದಾಗ ಕಂಡುಬರುವ ಕೊರತೆಗಳು ಮರಳಿ ಅಪಾಯಗಳ ಪಟ್ಟಿಯನ್ನು ತಿದ್ದುತ್ತವೆ.

ಇಂದಿನ ವಿದ್ಯಾರ್ಥಿಗಳೇ ನಾಳೆ ಸಹಕಾರಿ ಸಂಘಗಳ, ಅಂಗಡಿ ಗಿರಣಿಗಳ ಹೊಣೆ ಹೊರುವವರು. ನಮ್ಮ ಕಾಯಕಕ್ಕೆ ಏನೇನು ಅಡ್ಡಿ ಬರಬಹುದು? ಬಂದ ಮರುದಿನ ಅದನ್ನು ಹೇಗೆ ನಡೆಸುವೆವು? ವರ್ಷಕ್ಕೊಮ್ಮೆಯಾದರೂ ಈ ಎರಡು ಪ್ರಶ್ನೆಗಳನ್ನು ಆಡಳಿತ ಮಂಡಳಿಯ ಸಭೆಯಲ್ಲಿಟ್ಟು, ಉತ್ತರವನ್ನು ಬರೆದಿಡುವ ರೂಢಿಯನ್ನು ಅವರು ಬೆಳೆಸಿಕೊಳ್ಳಬೇಕು. ಏಕೆಂದರೆ ಒಂದು ಉದ್ಯಮವನ್ನು ನೆಚ್ಚಿ ಅನೇಕ ಮನೆಗಳ ಒಲೆ ಉರಿಯುತ್ತಿರುತ್ತದೆ.