ಮಳೆಯಲ್ಲಿ ಸೈಕಲ್ ಸವಾರಿ: ಧೈರ್ಯವೋ, ದುಡುಕೋ?



ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಒಬ್ಬ ತಾಯಿ ಕೊಡೆ ಹಿಡಿದು ಕಾಯುತ್ತಿದ್ದರು. "ಫಾದರ್, ನೀವಾದರೂ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ. ಈ ಮಳೆಯಲ್ಲಿ ಒಂದೇ ದಿನಕ್ಕೆ ಇನ್ನೂರು ಕಿಲೋಮೀಟರು ಸೈಕಲ್ ಹೊಡೆಯುತ್ತಾನಂತೆ. ಗೆದ್ದರೆ ಏನು ಕೊಡುತ್ತಾರೆ ಅಂತ ಕೇಳಿದೆ. ಗೆಲ್ಲುವುದು ಅಂತಲೇ ಇಲ್ಲವಂತೆ! ಪದಕ ಬೇಕಾದರೆ ನಾವೇ ದುಡ್ಡು ಕಟ್ಟಿ ತರಿಸಿಕೊಳ್ಳಬೇಕಂತೆ!"

ಅವರ ಮುಖದಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಹೆದರಿಕೆಗೆ ಕಾರಣವೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳನ್ನು ಮಳೆಗಾಲದಲ್ಲಿ ಕಂಡವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ "ಬೇಡ" ಎಂದು ಹೇಳುವ ಮೊದಲು ಈ ಸವಾರಿ ಏನೆಂಬುದನ್ನು ತಿಳಿದುಕೊಳ್ಳುವುದು ಹಿರಿಯರಾದ ನಮ್ಮ ಕರ್ತವ್ಯವಲ್ಲವೇ? ಆದ್ದರಿಂದ ಈ ವಾರ ಅದನ್ನೇ ಸ್ವಲ್ಪ ಅಭ್ಯಾಸ ಮಾಡೋಣ.

ಇದಕ್ಕೆ 'ಬ್ರೆವೆ' ಎಂದು ಹೆಸರು. ಫ್ರೆಂಚ್ ಪದ, ಪ್ರಮಾಣಪತ್ರ ಎಂದರ್ಥ. ಬೆಂಗಳೂರು, ಹುಬ್ಬಳ್ಳಿ ಮೊದಲಾದ ಊರುಗಳ ಸವಾರರ ಸಂಘಗಳು ಇದನ್ನು ನಡೆಸುತ್ತವೆ. ಇದು ಪಂದ್ಯವಲ್ಲ. 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ, 300 ಕಿ.ಮೀ. ಆದರೆ 20 ಗಂಟೆಯೊಳಗೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆಯೊಳಗೆ ಮುಗಿಸಬೇಕು. ದಾರಿಯಲ್ಲಿ ಅಲ್ಲಲ್ಲಿ ತಪಾಸಣೆಯ ಠಾಣೆಗಳಿರುತ್ತವೆ. ಪ್ರತಿ ಠಾಣೆಗೂ ತೆರೆಯುವ ಸಮಯ, ಮುಚ್ಚುವ ಸಮಯ ಎಂದಿದೆ. ನೂರನೆಯ ಕಿಲೋಮೀಟರಿನ ಠಾಣೆ ಹೊರಟ 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ವಿಚಿತ್ರವೆಂದರೆ, ಅತಿ ವೇಗವಾಗಿ ಬಂದವನಿಗೂ ಅಲ್ಲಿ ಬಾಗಿಲು ತೆರೆದಿರುವುದಿಲ್ಲ! ಕೊನೆಯಲ್ಲಿ ಮೊದಲಿಗ, ಎರಡನೆಯವ ಎಂಬ ಪಟ್ಟಿ ಇಲ್ಲ. ಎಂಟು ಗಂಟೆಯಲ್ಲಿ ಮುಗಿಸಿದವನಿಗೂ ಹದಿಮೂರು ಗಂಟೆಯಲ್ಲಿ ಮುಗಿಸಿದವನಿಗೂ ಸಿಗುವುದು ಒಂದೇ ಮಾನ್ಯತೆ.

ಇನ್ನೊಂದು ನಿಯಮವನ್ನು ತಂದೆಯಂದಿರು ಗಮನಿಸಬೇಕು. ಮಗನ ಹಿಂದೆಯೇ ಕಾರಿನಲ್ಲಿ ಥರ್ಮಾಸು, ಒಣ ಬಟ್ಟೆ ಇಟ್ಟುಕೊಂಡು ಹೋಗೋಣ ಎಂದು ನೀವು ಯೋಚಿಸಿದ್ದರೆ ಅದನ್ನು ಬಿಡಿ. ನಡುದಾರಿಯಲ್ಲಿ ಮನೆಯವರ ವಾಹನದಿಂದ ಸಹಾಯ ಪಡೆದರೆ ಅವನ ಸವಾರಿ ಅನರ್ಹವಾಗುತ್ತದೆ. ಠಾಣೆಗಳಲ್ಲಿ ಮಾತ್ರ ನೀವು ಅವನನ್ನು ಕಾಣಬಹುದು. ದಾರಿಯ ಅಂಗಡಿಯಲ್ಲಿ ಅವನು ಚಹಾ ಕುಡಿಯಬಹುದು, ಜೊತೆಯ ಸವಾರನ ಪಂಪು ಕೇಳಬಹುದು. ಉಳಿದಂತೆ ಪಂಕ್ಚರು ತಿದ್ದುವುದು, ಕಡಿದ ಚೈನು ಜೋಡಿಸುವುದು, ದಾರಿ ಹುಡುಕುವುದು ಎಲ್ಲವೂ ಅವನದೇ ಹೊಣೆ.

ಈ ಪದ್ಧತಿಯ ಮೂಲ ಇಟಲಿಯದು. 1897ರಲ್ಲಿ ಕೆಲವು ಸವಾರರು ಸೂರ್ಯ ಹುಟ್ಟುವಾಗ ರೋಮಿನಿಂದ ಹೊರಟು, ಮುಳುಗುವ ಮೊದಲು ನೇಪಲ್ಸ್ ತಲುಪುವ ಪಣ ತೊಟ್ಟರು. ಅಂಥವರಿಗೆ 'ಅವ್ದಾಕ್ಸ್' ಎಂಬ ಹೆಸರು ಬಂತು. ಲ್ಯಾಟಿನಿನಲ್ಲಿ ಎದೆಗಾರ, ಸಾಹಸಿ ಎಂದರ್ಥ. 1904ರಲ್ಲಿ ಅದು ಫ್ರಾನ್ಸಿಗೆ ಹೋಯಿತು. 1921ರಿಂದ ಪ್ಯಾರಿಸಿನ ಸಂಘವು ಪ್ರತಿಯೊಬ್ಬನೂ ತನ್ನ ವೇಗದಲ್ಲೇ ಹೋಗಬಹುದಾದ ಈಗಿನ ರೀತಿಯ ಬ್ರೆವೆಗಳನ್ನು ನಡೆಸತೊಡಗಿತು. ಭಾರತದ ಸಂಸ್ಥೆಯ ಹೆಸರಿನಲ್ಲೂ ಆ ಪದ ಹಾಗೆಯೇ ಉಳಿದಿದೆ. ನಮ್ಮ ಹುಡುಗರು ಅದನ್ನು 'ಆಡಾಕ್ಸ್' ಎನ್ನುತ್ತಾರೆ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದವನಿಗೆ ಈ ಪದ ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ ಸ್ಥೈರ್ಯವನ್ನು ಸದ್ಗುಣವೆಂದು ಎಣಿಸುತ್ತಾರೆ. ಆದರೆ ವಿವೇಕದ ಅಳತೆ ಮೀರಿದ ಸಾಹಸವನ್ನು, ಅಂದರೆ ಇದೇ 'ಅವ್ದಾಕ್ಸ್' ಗುಣವನ್ನು, ಸ್ಥೈರ್ಯಕ್ಕೆ ವಿರುದ್ಧವಾದ ದೋಷಗಳ ಸಾಲಿಗೆ ಸೇರಿಸುತ್ತಾರೆ. ಇಷ್ಟೇ ಅಲ್ಲ. ಸ್ಥೈರ್ಯದ ಮುಖ್ಯ ಕೆಲಸ ಮುನ್ನುಗ್ಗಿ ಹೊಡೆಯುವುದಲ್ಲ, ತಾಳಿಕೊಂಡು ನಿಲ್ಲುವುದು ಎನ್ನುತ್ತಾರೆ. ದುಡುಕಿನ ಸಾಹಸಿ ಅಪಾಯ ಬರುವ ಮುನ್ನ ಬಹಳ ಉತ್ಸಾಹಿ, ಅಪಾಯದ ನಡುವೆ ಕುಗ್ಗುತ್ತಾನೆ ಎಂಬುದನ್ನೂ ಅರಿಸ್ಟಾಟಲನಂತೆ ಅವರು ಗುರುತಿಸುತ್ತಾರೆ. ಹದಿಮೂರನೆಯ ಶತಮಾನದ ಈ ಗುರುಗಳು ಸೈಕಲನ್ನು ಕಂಡವರಲ್ಲ. ಆದರೂ ಈ ಮಾತನ್ನು ನಮ್ಮ ರಸ್ತೆಯ ಮೇಲೆ ಇಟ್ಟು ನೋಡೋಣ.

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗಿ, ತಾಳಗುಪ್ಪದ ಕಡೆಗೆ ಇನ್ನೊಂದಿಷ್ಟು ಮುಂದೆ ಸಾಗಿ ತಿರುಗಿ ಬಂದು, ಮತ್ತೆ ಯಲ್ಲಾಪುರಕ್ಕೆ ಹೋಗಿ ಶಿರಸಿಗೆ ಮರಳಿದರೆ ಹತ್ತಿರ ಹತ್ತಿರ 200 ಕಿ.ಮೀ. ಆಗುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಉಳಿದೆರಡು ಊರುಗಳೂ ಅದಕ್ಕಿಂತ ಬಹಳ ತಗ್ಗಿನಲ್ಲಿಲ್ಲ. ಹಾಗಿದ್ದರೆ ರಸ್ತೆ ಸಮತಟ್ಟೇ? ಬಸ್ಸಿನಲ್ಲಿ ಕುಳಿತು ತೂಕಡಿಸುವವರಿಗೆ ಹಾಗೆನಿಸಬಹುದು. ಅಘನಾಶಿನಿ, ಶಾಲ್ಮಲಾ, ಬೇಡ್ತಿ ನದಿಗಳೂ ಅವುಗಳಿಗೆ ಸೇರುವ ನೂರಾರು ಹಳ್ಳಗಳೂ ಈ ನೆಲವನ್ನು ಕೊರೆದಿವೆ. ರಸ್ತೆ ಪ್ರತಿ ಹಳ್ಳಕ್ಕೂ ಇಳಿಯುತ್ತದೆ, ಪ್ರತಿ ದಿಬ್ಬಕ್ಕೂ ಏರುತ್ತದೆ. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಮುಟ್ಟದೆಯೇ ಸವಾರನ ತೊಡೆಗಳು ಘಟ್ಟ ಹತ್ತಿದಷ್ಟು ದಣಿಯುತ್ತವೆ. ಕುಮಟೆಯಿಂದಲೋ ಅಂಕೋಲೆಯಿಂದಲೋ ಮೇಲಕ್ಕೆ ಬರುವ ದಾರಿಯಾದರಂತೂ ಕೇಳುವುದೇ ಬೇಡ.

ಏರಿನಲ್ಲಿ ಮಳೆ ದೊಡ್ಡ ಶತ್ರುವಲ್ಲ. ಮೈ ಬಿಸಿಯಾಗಿರುತ್ತದೆ, ವೇಗ ಕಡಿಮೆ, ಬಿದ್ದರೂ ಮೊಣಕಾಲು ತರಚೀತು. ನಿಜವಾದ ಪರೀಕ್ಷೆ ಇಳುಕಲಿನಲ್ಲಿ. ಗಾಲಿಯ ರಿಮ್ಮನ್ನು ಹಿಡಿಯುವ ಹಳೆಯ ಮಾದರಿಯ ಬ್ರೇಕುಗಳು ಮಳೆಯಲ್ಲಿ ಒತ್ತಿದ ಕೂಡಲೇ ಹಿಡಿಯುವುದಿಲ್ಲ. ಮೊದಲ ಕೆಲವು ಸುತ್ತು ರಿಮ್ಮಿನ ನೀರನ್ನು ಒರೆಸುವುದಕ್ಕೇ ಹೋಗುತ್ತವೆ. ಅಷ್ಟರಲ್ಲಿ ತಿರುವು ಬಂದಿರುತ್ತದೆ. ಕೆಂಪು ಮಣ್ಣಿನ ನೀರು ಸೇರಿದರೆ ಬ್ರೇಕಿನ ರಬ್ಬರು ಒಂದೇ ದಿನದಲ್ಲಿ ಸವೆದು ಲೋಹ ಕಾಣಿಸುವುದೂ ಉಂಟು. ಡಿಸ್ಕ್ ಬ್ರೇಕು ಇದಕ್ಕಿಂತ ಮೇಲು. ಆದರೆ ಬ್ರೇಕು ಎಷ್ಟು ಒಳ್ಳೆಯದಾದರೂ ಟಯರು ಜಾರಿದರೆ ಪ್ರಯೋಜನವಿಲ್ಲ. ಬಿಸಿಲೇ ಬೀಳದ ಮರದಡಿಯ ತಿರುವುಗಳಲ್ಲಿ ಡಾಂಬರಿನ ಅಂಚಿಗೆ ಹಾವಸೆ ಕಟ್ಟಿರುತ್ತದೆ. ಕೊಳೆತ ಎಲೆ, ತೋಟದಿಂದ ಗಾಳಿಗೆ ಹಾರಿಬಂದ ಅಡಿಕೆ ಹಾಳೆ, ರಸ್ತೆಯ ಬಿಳಿ ಪಟ್ಟೆ, ಲಾರಿಯಿಂದ ಸೋರಿದ ಎಣ್ಣೆ, ಇವೆಲ್ಲ ಮಳೆಯಲ್ಲಿ ಸಾಬೂನಿನಂತೆ. ಇವುಗಳ ಜೊತೆಗೆ ರಸ್ತೆಯ ನಡುವೆ ಮೆಲುಕು ಹಾಕುತ್ತಾ ಮಲಗಿದ ದನಗಳಿವೆ. ಅವಕ್ಕೆ ಬ್ರೆವೆಯ ನಿಯಮ ಗೊತ್ತಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಆರು ಕಿಲೋಮೀಟರಿನ ಇಳುಕಲನ್ನು ಗಂಟೆಗೆ 36 ಕಿ.ಮೀ. ವೇಗದಲ್ಲಿ ಇಳಿದರೆ ಹತ್ತು ನಿಮಿಷ ಬೇಕು. 24 ಕಿ.ಮೀ. ವೇಗದಲ್ಲಿ ಇಳಿದರೆ ಹದಿನೈದು ನಿಮಿಷ. ಉಳಿತಾಯ ಐದೇ ನಿಮಿಷ. ಆದರೆ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆದ್ದರಿಂದ 36ರಲ್ಲಿ ಬ್ರೇಕು ಒತ್ತಿದವನಿಗೆ 24ರಲ್ಲಿ ಒತ್ತಿದವನಿಗಿಂತ ಎರಡೂಕಾಲು ಪಟ್ಟು ದೂರ ಬೇಕು. ಐದು ನಿಮಿಷಕ್ಕಾಗಿ ಇಷ್ಟು ದೊಡ್ಡ ಬೆಲೆ ಕೊಡಬೇಕೇ? ಚಹಾ ಅಂಗಡಿಯಲ್ಲಿ ಫೋಟೋ ತೆಗೆಯುತ್ತಾ ಕಳೆಯುವ ಹೊತ್ತು ಅದಕ್ಕಿಂತ ಹೆಚ್ಚು. ಸರಾಸರಿ 18 ಕಿ.ಮೀ. ವೇಗದಲ್ಲಿ ಸಾಗುವವನಿಗೆ 200 ಕಿ.ಮೀ.ಗೆ ತುಳಿಯುವ ಸಮಯ 11 ಗಂಟೆ ಚಿಲ್ಲರೆ. ಊಟ, ಪಂಕ್ಚರು, ವಿಶ್ರಾಂತಿಗೆ ಇನ್ನೂ ಎರಡು ಗಂಟೆಗೂ ಹೆಚ್ಚು ಉಳಿಯುತ್ತದೆ. ಸಮಯವನ್ನು ಏರಿನಲ್ಲಿ ಬಿಡದೆ ತುಳಿದು, ನಿಲುಗಡೆಯಲ್ಲಿ ಮಿತವಾಗಿದ್ದು ಗಳಿಸಬೇಕು, ಇಳುಕಲಿನಲ್ಲಿ ಅಲ್ಲ.

ಉತ್ತರ ಇಟಲಿಯ ಕೋಮೊ ಸರೋವರದ ಬಳಿ, ಶಿರಸಿಗಿಂತ ತುಸು ಎತ್ತರದ 754 ಮೀಟರಿನ ದಿಬ್ಬದ ಮೇಲೆ, ಗಿಸಾಲ್ಲೊ ಮಾತೆಯ ಪುಟ್ಟ ದೇವಾಲಯವಿದೆ. 1949ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಗೋಡೆಯ ತುಂಬ ಹೆಸರಾಂತ ಸವಾರರ ಸೈಕಲುಗಳಿವೆ. ಅವುಗಳಲ್ಲಿ ಒಂದು ಫಾಬಿಯೊ ಕಸಾರ್ತೆಲ್ಲಿಯದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವನು. 1995ರ ಜುಲೈ 18ರಂದು ಟೂರ್ ದ ಫ್ರಾನ್ಸ್‌ನಲ್ಲಿ ಪಿರೆನೀಸ್ ಬೆಟ್ಟದ ಇಳುಕಲಿನಲ್ಲಿ ಬಿದ್ದು ತೀರಿಕೊಂಡ. ವಯಸ್ಸು 24. ತಲೆಗೆ ಹೆಲ್ಮೆಟ್ ಇರಲಿಲ್ಲ. ವೃತ್ತಿಪರ ಪಂದ್ಯಗಳಲ್ಲಿ ಅದು ಕಡ್ಡಾಯವಾದದ್ದು 2003ರಲ್ಲಿ. ಜಗತ್ತಿನ ಅತ್ಯುತ್ತಮ ಸವಾರರಲ್ಲಿ ಒಬ್ಬನಿಗೆ ಹೀಗಾದರೆ, ಕಚೇರಿ ಕೆಲಸ ಮಾಡಿ ಭಾನುವಾರ ಸೈಕಲ್ ಹತ್ತುವ ನಮ್ಮ ಹುಡುಗ ಎಷ್ಟು ಎಚ್ಚರದಿಂದಿರಬೇಕು!

ಇನ್ನು ಚಳಿ. ಮಲೆನಾಡಿನ ಮಳೆಯಲ್ಲಿ ಚಳಿ ಏನು ಮಹಾ ಎಂದು ಕೇಳಬೇಡಿ. ಏರಿನಲ್ಲಿ ಬೆವರಿ, ಮಳೆಯಲ್ಲಿ ನೆನೆದ ಮೈಗೆ ಇಳುಕಲಿನ ಗಾಳಿ ಹೊಡೆದರೆ ಬೆರಳು ಮರಗಟ್ಟಿ ಬ್ರೇಕು ಒತ್ತಲೂ ಆಗದು. ನಡುಕ, ತೊದಲುವ ಮಾತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಇವು ಕಂಡರೆ ಅಲ್ಲಿಗೆ ಸವಾರಿ ನಿಲ್ಲಿಸಬೇಕು. ಹಳೆಯ ಕಾಲದ ಯುರೋಪಿನ ಸವಾರರು ಬೆಟ್ಟದ ತುದಿಯಲ್ಲಿ ಅಂಗಿಯೊಳಗೆ ಎದೆಗೆ ವೃತ್ತಪತ್ರಿಕೆ ತುರುಕಿಕೊಂಡು ಇಳಿಯುತ್ತಿದ್ದರು. ಉಪಾಯ ಇಂದಿಗೂ ಕೆಲಸ ಮಾಡುತ್ತದೆ. (ನಮ್ಮ ಈ ಪತ್ರಿಕೆಯೂ ಆದೀತು, ಓದಿ ಮುಗಿಸಿದ ಮೇಲೆ!) ಮಳೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲವಾದ್ದರಿಂದ ನೀರು ಕುಡಿಯುವುದನ್ನು ಮರೆಯುವವರೇ ಹೆಚ್ಚು. ಗಂಟೆಗೊಮ್ಮೆ ಬಾಳೆಹಣ್ಣೋ, ಬೆಲ್ಲ ಕಲಸಿದ ಅವಲಕ್ಕಿಯೋ ಹೊಟ್ಟೆಗೆ ಬೀಳಬೇಕು. ಪೇಟೆಯ ಬಣ್ಣದ ಪುಡಿಗಳ ಬದಲು ಉಪ್ಪು ಹಾಕಿದ ಅಪ್ಪೆಹುಳಿಯನ್ನು ಬಾಟಲಿಯಲ್ಲಿ ಕೊಟ್ಟು ಕಳಿಸಿದರೂ ನಡೆದೀತು ಎಂಬುದು ನನ್ನ ಅಭಿಪ್ರಾಯ. ಎರಡು ಟ್ಯೂಬು, ಪಂಪು, ಚೈನಿಗೆ ಎಣ್ಣೆಯ ಪುಟ್ಟ ಶೀಶೆ, ಹಿಂದೆ ಮುಂದೆ ದೀಪ, ಮಿಂಚುವ ಅಂಗಿ ಇರಲೇಬೇಕು. ಒದ್ದೆಯಾದ ಟಯರಿಗೆ ಗಾಜು, ಮುಳ್ಳು ಸುಲಭವಾಗಿ ಹೊಕ್ಕುವುದರಿಂದ ಪಂಕ್ಚರು ಮಳೆಗಾಲದಲ್ಲೇ ಹೆಚ್ಚು. ಉಂಬಳಕ್ಕೆ ಉಪ್ಪು ಸಾಕು.

ಗುಡ್ಡದ ವಿಷಯ ಮಾತ್ರ ಬೇರೆ. 2021ರ ಜುಲೈ ತಿಂಗಳ ಮಳೆಯನ್ನು ಯಲ್ಲಾಪುರದವರು ಮರೆತಿಲ್ಲ. ಅರಬೈಲು ಘಟ್ಟದಲ್ಲಿ ರಸ್ತೆ ಕುಸಿಯಿತು, ಕಳಚೆಯಲ್ಲಿ ಗುಡ್ಡ ಜಾರಿ ಮನೆ ತೋಟಗಳು ಹೋದವು, ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ ಚಹಾ ಅಂಗಡಿಯೊಂದು ಅಲ್ಲಿದ್ದವರ ಸಮೇತ ಕೊಚ್ಚಿಹೋಯಿತು. ಇಂಥ ಮಳೆಯ ಎದುರು ಬ್ರೇಕು, ಟಯರು, ತಯಾರಿ ಯಾವುದೂ ಉತ್ತರವಲ್ಲ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲಿರಬೇಕು. ಮಳೆ ಜೋರಾದಾಗ ಹೊಸದಾಗಿ ಗುಡ್ಡ ಕಡಿದ ಜಾಗದ ಕೆಳಗೆ ಆಸರೆಗೆಂದೂ ನಿಲ್ಲಬಾರದು.

ಹಾಗಾದರೆ ನಡುದಾರಿಯಲ್ಲಿ ಬಿಟ್ಟವನು ಸೋತವನೇ? ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ 1200 ಕಿ.ಮೀ. ಸವಾರಿ ನಡೆಯುತ್ತದೆ. 1891ರಲ್ಲಿ ಪಂದ್ಯವಾಗಿ ಹುಟ್ಟಿ, ಇಂದು ಹವ್ಯಾಸಿಗಳ ಸವಾರಿಯಾಗಿರುವ ಇದರಲ್ಲಿ 2019 ಮತ್ತು 2023ರಲ್ಲಿ ನೂರಕ್ಕೂ ಹೆಚ್ಚು ಭಾರತೀಯರು ಪಾಲ್ಗೊಂಡರು. 2007ರಲ್ಲಿ ಅಲ್ಲಿ ದಿನಗಟ್ಟಲೆ ಮಳೆ, ಎದುರುಗಾಳಿ. ಹೊರಟ ಐದು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಹತ್ತರಲ್ಲಿ ಮೂವರಷ್ಟು ಮುಗಿಸಲಿಲ್ಲ. ಅವರೆಲ್ಲ ಆ ಸವಾರಿಗೆ ಅರ್ಹತೆ ಪಡೆಯಲೆಂದೇ ಅದೇ ವರ್ಷ 200, 300, 400, 600 ಕಿ.ಮೀ. ಬ್ರೆವೆಗಳನ್ನು ಮುಗಿಸಿ ಬಂದವರು; ಕೈಲಾಗದವರಲ್ಲ. ಹತ್ತಿರದ ಠಾಣೆಯಲ್ಲಿ ವಿಷಯ ತಿಳಿಸಿ, ರೈಲು ಹತ್ತಿ ಹೋದರು. ನಿಲ್ಲಿಸಿದ್ದನ್ನು ಸಂಘಟಕರಿಗೆ ತಿಳಿಸುವುದು ಸವಾರನ ಕರ್ತವ್ಯ. ಇಲ್ಲದಿದ್ದರೆ ರಾತ್ರಿ ಮಳೆಯಲ್ಲಿ ಬೇರೆಯವರು ಅವನನ್ನು ಹುಡುಕುತ್ತಾ ಅಲೆಯಬೇಕಾಗುತ್ತದೆ.

ನಿಲ್ಲಿಸಬೇಕೆಂದು ಮೈ ಹೇಳುತ್ತಿದ್ದರೂ ಹುಡುಗರು ಏಕೆ ಮುಂದೆ ಹೋಗುತ್ತಾರೆ? ನನಗೆ ತೋರುವಂತೆ, ಬಹಳ ಸಲ ಕಾರಣ ರಸ್ತೆಯಲ್ಲಿಲ್ಲ, ಮನೆಯಲ್ಲಿದೆ. "ದೊಡ್ಡದಾಗಿ ಹೇಳಿ ಹೋದೆಯಲ್ಲ, ಈಗೇನಾಯಿತು?" ಎಂಬ ಒಂದು ಕುಹಕದ ಮಾತಿಗೆ ಹೆದರಿ, ಕತ್ತಲಾದ ಮೇಲೆ, ಸವೆದ ಬ್ರೇಕಿನಲ್ಲಿ, ಬೇಡ್ತಿ ಸೇತುವೆಯ ಕಡೆಗೆ ಇಳಿಯುವ ಮಗನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

ಆ ತಾಯಿಗೆ ನಾನು, ಮಗನನ್ನು ತಡೆಯಬೇಡಿ ಎಂದೆ. ಮೊದಲು ಅವನ ಹೆಲ್ಮೆಟನ್ನೂ ಬ್ರೇಕಿನ ರಬ್ಬರನ್ನೂ ನೀವೇ ಕಣ್ಣಾರೆ ನೋಡಿ. ಮಳೆಯಲ್ಲಿ ಐವತ್ತು, ನೂರು ಕಿಲೋಮೀಟರು ಹೋಗಿ ಬಂದ ಅನುಭವ ಇದೆಯೇ ಕೇಳಿ, ಇಲ್ಲದಿದ್ದರೆ ಮುಂದಿನ ವರ್ಷ ಹೋಗಲಿ. ಇದ್ದರೆ ಹೊರಡುವ ಮುನ್ನ ಮನೆಯವರೆಲ್ಲ ಸೇರಿ ಒಂದು ಮಾತು ಕೊಡಿ: ಮಂಚಿಕೇರಿಯಿಂದ ಫೋನು ಬಂದರೂ ಸರಿ, ನಿಲೇಕಣಿಯಿಂದ ಬಂದರೂ ಸರಿ, ಹೋಗಿ ಕರೆದುಕೊಂಡು ಬರುತ್ತೇವೆ, ಯಾರೂ ನಗುವುದಿಲ್ಲ ಎಂದು.

ಅವರು ಕೊಡೆ ಮಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ನಗುವುದಿಲ್ಲ ಫಾದರ್," ಎಂದರು. "ಅವನ ಅಪ್ಪನಿಗೂ ಇದನ್ನು ನೀವೇ ಒಂದು ಸಲ ಹೇಳಿಬಿಡಿ."