ವರನ ಹೆಸರೇ ಎಕ್ಸ್‌ಟೆನ್ಶನ್ ಆದಾಗ

ಪ್ರಶ್ನೆ: ಉಮರ್ಗಾದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ನಿಲಂಗಾ, ಉದಗೀರ ಕಡೆಯಿಂದಲೂ ಲಗ್ನಪತ್ರಿಕೆ ಕೆಲಸ ಬರುತ್ತದೆ. ಕೆಲವರಿಗೆ ಮರಾಠಿಯಲ್ಲಿ, ಕೆಲವರಿಗೆ ಕನ್ನಡದಲ್ಲಿ. ಹಳೆಯ ಫೈಲುಗಳನ್ನು ಎಕ್ಸ್‌ಟೆನ್ಶನ್ ಪ್ರಕಾರ ವಿಂಗಡಿಸಲು ಮಗ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದ. 'ಸಿಡಿಆರ್', 'ಜೆಪಿಜಿ' ಫೋಲ್ಡರುಗಳ ಜೊತೆಗೆ 'ರಾಜು', 'ಮಹಾದೇವ' ಎಂಬ ಫೋಲ್ಡರುಗಳೂ ಹುಟ್ಟಿಕೊಂಡಿವೆ. ಇದೇನು? ಮರಾಠಿ, ಕನ್ನಡ ಪತ್ರಿಕೆಗಳನ್ನೂ ಹೀಗೆಯೇ ಬೇರೆ ಮಾಡಬಹುದೇ?

ಉತ್ತರ: ಇದು ವರನ ಹೆಸರಿಗೆ ಮೊದಲು ಬರೆಯುವ 'ಚಿ.' (ಚಿರಂಜೀವಿ) ಮುಂದಿನ ಚುಕ್ಕೆಯ ಕಿತಾಪತಿ. ಪೈಥಾನ್‌ನ ಪಾತ್‌ಲಿಬ್‌ನಲ್ಲಿ 'ಸಫಿಕ್ಸ್' ಕೇಳಿದರೆ, ಅದು ಹೆಸರಿನ ಕೊನೆಯ ಚುಕ್ಕೆ ಹುಡುಕಿ ಅಲ್ಲಿಂದಾಚೆ ಇರುವುದನ್ನೆಲ್ಲ ಕೊಡುತ್ತದೆ. 'ಚಿ. ರಾಜು.ಸಿಡಿಆರ್' ಎಂದಿದ್ದರೆ '.ಸಿಡಿಆರ್' ಸಿಗುತ್ತದೆ, ತೊಂದರೆಯಿಲ್ಲ. ಬರೀ 'ಚಿ. ರಾಜು' ಎಂದಿದ್ದರೆ '. ರಾಜು' ಎಂಬುದೇ ಎಕ್ಸ್‌ಟೆನ್ಶನ್! ಅಂಥದ್ದೊಂದು ಎಕ್ಸ್‌ಟೆನ್ಶನ್ ಲೋಕದಲ್ಲಿ ಇದೆಯೇ ಎಂದು ಪೈಥಾನ್ ವಿಚಾರಿಸುವುದಿಲ್ಲ.

ಎಕ್ಸ್‌ಟೆನ್ಶನ್ ಇಲ್ಲದ ಹೆಸರು ಎಲ್ಲಿಂದ ಬಂತು? ಬಹುಶಃ ಅವು ಫೈಲುಗಳಲ್ಲ, ಗಿರಾಕಿಯ ಹೆಸರಲ್ಲಿ ನೀವು ಮಾಡಿಟ್ಟ ಫೋಲ್ಡರುಗಳು. ಫೋಲ್ಡರಿನ ಹೆಸರಿಗೂ 'ಸಫಿಕ್ಸ್' ಇದೇ ಲೆಕ್ಕ ಹಾಕುತ್ತದೆ. ಆದ್ದರಿಂದ ಮೊದಲು 'ಈಸ್_ಫೈಲ್' ಎಂದು ಕೇಳಿ, ಫೈಲಾಗಿದ್ದರೆ ಮಾತ್ರ ಮುಂದುವರಿಯಬೇಕು. ಎರಡನೆಯದಾಗಿ, ನಿಮ್ಮ ಅಂಗಡಿಯಲ್ಲಿ ಬಳಕೆಯಲ್ಲಿರುವ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಮಾಡಿಕೊಡಿ: ಕೋರೆಲ್‌ಡ್ರಾದ ಸಿಡಿಆರ್, ಪೇಜ್‌ಮೇಕರ್‌ನ ಪಿಎಂಡಿ ಮತ್ತು ಪಿ65, ಫೋಟೋಶಾಪ್‌ನ ಪಿಎಸ್‌ಡಿ, ಜೊತೆಗೆ ಜೆಪಿಜಿ, ಪಿಡಿಎಫ್. ಪಟ್ಟಿಯಲ್ಲಿ ಇಲ್ಲದ್ದು 'ನೋಡಬೇಕಾದವು' ಎಂಬ ಫೋಲ್ಡರಿಗೆ ಹೋಗಲಿ. ಕ್ಯಾಮೆರಾದ ಫೋಟೋಗಳಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿರುವುದೂ ಉಂಟು. ಹೋಲಿಸುವ ಮುನ್ನ 'ಲೋವರ್' ಹಚ್ಚಿ ಎಲ್ಲವನ್ನೂ ಸಣ್ಣಕ್ಷರ ಮಾಡಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಅಪಾಯ 'ವಿತ್_ಸಫಿಕ್ಸ್'ನಲ್ಲಿದೆ. ಫೋಲ್ಡರಿನ ಹೆಸರನ್ನೇ ಹಿಡಿದು ಪಿಡಿಎಫ್‌ಗೆ ಹೆಸರಿಡಲು ಇದನ್ನು ಬಳಸಿದರೆ, '. ರಾಜು' ಕತ್ತರಿಸಿಹೋಗಿ 'ಚಿ.ಪಿಡಿಎಫ್' ಉಳಿಯುತ್ತದೆ. 'ಚಿ. ಮಹಾದೇವ' ಕೂಡ 'ಚಿ.ಪಿಡಿಎಫ್' ಆಗುತ್ತಾನೆ. ಹೀಗೆ ಒಂದೇ ಹೆಸರು ಬಂದಾಗ 'ರೀನೇಮ್' ಮಾಡಿದರೆ ವಿಂಡೋಸ್ ದೋಷ ತೋರಿಸಿ ನಿಲ್ಲುತ್ತದೆ. ಲಿನಕ್ಸ್ ಸದ್ದಿಲ್ಲದೆ ಹಳೆಯದನ್ನು ಅಳಿಸಿ ಹೊಸದನ್ನು ಇಡುತ್ತದೆ. ಇಂಥ ಕಡೆ ಇದ್ದ ಹೆಸರಿನ ಕೊನೆಗೆ '.ಪಿಡಿಎಫ್' ಎಂದು ಕೂಡಿಸುವುದೇ ಲೇಸು. ಒಂದು ಮಾತು ನೆನಪಿರಲಿ: ಸಿಡಿಆರ್ ಫೈಲಿಗೆ ಪಿಡಿಎಫ್ ಎಂದು ಹೆಸರಿಟ್ಟ ಮಾತ್ರಕ್ಕೆ ಒಳಗಿನದು ಬದಲಾಗದು. ನಿಜವಾದ ಪಿಡಿಎಫ್‌ನ ಆರಂಭದಲ್ಲೇ ಶೇಕಡಾ ಚಿಹ್ನೆಯೂ ಅದರ ಬೆನ್ನಿಗೆ 'ಪಿಡಿಎಫ್' ಎಂಬ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಅನುಮಾನ ಬಂದಾಗ ಅದನ್ನು ಓದಿ ನೋಡಬಹುದು.

ಇನ್ನು ಭಾಷೆಯ ವಿಷಯ. ಪತ್ರಿಕೆ ಯಾವ ಭಾಷೆಯದಾದರೂ ಎಕ್ಸ್‌ಟೆನ್ಶನ್ ಸಿಡಿಆರ್ ಒಂದೇ, ಹಾಗಾಗಿ ಅದರಿಂದ ಉಪಯೋಗವಿಲ್ಲ. ಆದರೆ ಫೈಲಿನ ಹೆಸರನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಹೆಸರೇ ಸಾಕ್ಷಿ ಹೇಳುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ, ದೇವನಾಗರಿಗೆ 2304ರಿಂದ 2431ರವರೆಗೆ ಜಾಗವಿದೆ. ಪೈಥಾನ್‌ನ 'ಆರ್ಡ್'ಗೆ ಕನ್ನಡದ 'ಚ' ಕೊಟ್ಟರೆ 3226 ಬರುತ್ತದೆ, ಮರಾಠಿಯ 'ಚ' ಕೊಟ್ಟರೆ 2330. ಹೆಸರಿನ ಒಂದೊಂದೇ ಅಕ್ಷರ ನೋಡಿ, ಯಾವ ಗುಂಪಿನವು ಹೆಚ್ಚಿವೆಯೋ ಆ ಫೋಲ್ಡರಿಗೆ ಹಾಕಿದರಾಯಿತು. ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಈ ಉಪಾಯ ನಡೆಯದು. 'ನುಡಿ' ತಂತ್ರಾಂಶದ ಹಳೆಯ ಯೂನಿಕೋಡೇತರ ಫಾಂಟಿನಲ್ಲಿ ಟೈಪ್ ಮಾಡಿದ ಒಳಗಿನ ಪಠ್ಯಕ್ಕೂ ಇದು ಒಗ್ಗದು. ಅಲ್ಲಿ ಕನ್ನಡ ಕಾಣಿಸುವುದು ಫಾಂಟಿನಿಂದ, ಸಂಖ್ಯೆಗಳು ಕನ್ನಡದವಲ್ಲ. ಅಂಥವನ್ನು ತೆರೆದೇ ನೋಡಬೇಕು.

ಮಗನಿಗೆ ಹೇಳಿ: ಫೈಲುಗಳನ್ನು ಸರಿಸುವ ಸಾಲನ್ನು ಸದ್ಯಕ್ಕೆ ತೆಗೆದಿಟ್ಟು, ಯಾವ ಫೈಲು ಎಲ್ಲಿಗೆ ಹೋಗಲಿದೆ ಎಂಬುದನ್ನಷ್ಟೇ ಪರದೆಯ ಮೇಲೆ ಪ್ರಿಂಟ್ ಮಾಡಿಸಲಿ. ಆ ಪಟ್ಟಿಯನ್ನು ನೀವೊಮ್ಮೆ ಓದಿ. ಇಡೀ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟ ಮೇಲೆಯೇ ನಿಜವಾದ ವಿಂಗಡಣೆ ಶುರುವಾಗಲಿ.