ನಿತ್ಯದ ದಾರಿ ನೋಡಿ ಗಾಡಿ ತಗೋ

ಮಗಾ, 2020ರ ನೆಕ್ಸಾನ್ ಇವಿ ಒಂದು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತಿದೆ, ಅದನ್ನು ಕೊಳ್ಳಲೋ ಹೊಸ ಥಾರ್ ಫೋರ್ ಬೈ ಫೋರ್ ಕೊಳ್ಳಲೋ ಎಂದು ನಿಮ್ಮಪ್ಪನನ್ನು ಕೇಳಿದೆಯಂತೆ. ಅವನು ಥಾರ್ ಅಂದನಂತೆ. ಮೂಡಿಗೆರೆ ಮಳೆಗಾಲ ಕಂಡವನು ಹಾಗನ್ನುವುದು ಸಹಜ. ನನ್ನ ಅಭಿಪ್ರಾಯ ಬೇರೆ.

ಥಾರ್ ಗಟ್ಟಿ ಗಾಡಿ, ಎರಡು ಮಾತಿಲ್ಲ. ನೆಲದಿಂದ 226 ಮಿಲಿಮೀಟರ್ ಎತ್ತರ, 650 ಮಿಲಿಮೀಟರ್ ನೀರು ದಾಟುವ ತಾಕತ್ತು. ಆಷಾಢದಲ್ಲಿ ತೋಟದ ಏರು ಕೆಸರಾಗಿ ಚಕ್ರ ನಿಂತಲ್ಲೇ ತಿರುಗುವಾಗ ಗೇರಿನ ಪಕ್ಕದ ಸಣ್ಣ ಲಿವರನ್ನು ನಿಧಾನಗತಿಯ ಫೋರ್ ವೀಲ್ ಡ್ರೈವ್, ಅಂದರೆ ಫೋರ್ ಎಲ್‌ಗೆ ಹಾಕಿದರೆ ನಿಧಾನಕ್ಕೆ ಹತ್ತಿಬಿಡುತ್ತದೆ. ಆದರೆ ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕು, ಹಿಂದಿನವು ಕಡಿಮೆ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದಂತಾಗಿ ಸ್ಟೇರಿಂಗ್ ಬಿಗಿಯುತ್ತದೆ, ಆಕ್ಸಲ್, ಗೇರುಗಳಿಗೆ ಪೆಟ್ಟು. ಅಂದಮೇಲೆ ಬೆಂಗಳೂರಿನಲ್ಲಿ ವರ್ಷವಿಡೀ ನೀನು ಓಡಿಸುವುದು ಬರೀ ಟು ವೀಲ್. ಬಳಸದ ಶಕ್ತಿಗೆ ಯಾಕಪ್ಪಾ ಅಷ್ಟು ದುಡ್ಡು? ಇನ್ನೊಂದು ಮಾತು, ಫೋರ್ ವೀಲ್ ಗಾಡಿಯನ್ನು ಹತ್ತಿಸುತ್ತದೆಯೇ ಹೊರತು ಬೇಗ ನಿಲ್ಲಿಸುವುದಿಲ್ಲ. ನಿಲ್ಲಿಸುತ್ತದೆಂಬ ಭ್ರಮೆಯಲ್ಲಿ ಘಾಟಿಯಲ್ಲಿ ಜೋರಾಗಿ ಇಳಿಯುವ ಹುಡುಗರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಸಿಲ್ಕ್ ಬೋರ್ಡ್ ಕಡೆಯ ನಿಲ್ಲು-ಹೊರಡು ಸಂಚಾರಕ್ಕೆ ಇವಿಯೇ ಸರಿ. ಬ್ರೇಕಿಗೆ ಕಾಲಿಟ್ಟಾಗೆಲ್ಲ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ. 30 ಯೂನಿಟ್ ಚಿಲ್ಲರೆಯ ಬ್ಯಾಟರಿ, ರಾತ್ರಿ ಹಾಕಿಟ್ಟರೆ ಬೆಳಗ್ಗೆ ತುಂಬಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ನಿನ್ನ ಪಾರ್ಕಿಂಗ್ ಜಾಗಕ್ಕೆ ನಿನ್ನದೇ ಮೀಟರಿನಿಂದ ಲೈನ್ ಎಳೆಯಲು ಬಿಡುತ್ತಾರಾ, ಮೊದಲು ಅದನ್ನು ಕೇಳು. ಬಿಡದಿದ್ದರೆ ಈ ಯೋಚನೆಯನ್ನೇ ಕೈಬಿಡು.

ಹಳೇ ಇವಿ ಕೊಳ್ಳುವಾಗ ಬಣ್ಣ, ಸೀಟು, ಎಷ್ಟು ಕಿಲೋಮೀಟರ್ ಓಡಿದೆ ಎಂಬುದೆಲ್ಲ ಆಮೇಲೆ. ಬ್ಯಾಟರಿ ನೋಡು. ಕಂಪನಿ ಹೇಳಿದ್ದು 312 ಕಿಲೋಮೀಟರ್, ಹೊಸದರಲ್ಲೇ ರಸ್ತೆಯಲ್ಲಿ ಸಿಗುತ್ತಿದ್ದುದು 200ರ ಆಸುಪಾಸು. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿ ತೆಗೆಸು. ವರದಿ ಬಂತೆಂದು ಸುಮ್ಮನಾಗಬೇಡ. ಪೂರ್ತಿ ಚಾರ್ಜ್ ಮಾಡಿ ಎಸಿ ಹಾಕಿಕೊಂಡು ತುಮಕೂರಿಗೆ ಹೋಗಿ ಬಾ, ಸುಮಾರು 140 ಕಿಲೋಮೀಟರ್. ಮನೆ ಮುಟ್ಟುವಾಗ ಶೇಕಡಾ 20ರಷ್ಟಾದರೂ ಉಳಿದಿರಬೇಕು. ಇಲ್ಲದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬ್ಯಾಟರಿಗೆ 8 ವರ್ಷ ಅಥವಾ 1.60 ಲಕ್ಷ ಕಿಲೋಮೀಟರ್ ವಾರಂಟಿ ಇದೆ; ನಿನ್ನ ಹೆಸರಿಗೆ ಮುಂದುವರಿಯುತ್ತದೆ ಎಂದು ಬರೆಸಿಕೊ, ಬಾಯಿಮಾತು ನಂಬಬೇಡ.

ಊರಿಗೆ ಬರುವಾಗ ಹಾಸನದಲ್ಲೋ ಅದಕ್ಕೂ ಮುಂಚೆಯೋ ಒಮ್ಮೆ ಚಾರ್ಜಿಗೆ ನಿಲ್ಲಬೇಕಾಗುತ್ತದೆ. ಊಟದ ಹೊತ್ತಿಗೆ ಹೊಂದಿಸಿಕೊಂಡರೆ ಆಯಿತು. ಮುಂದೆ ತೋಟ ನೋಡಿಕೊಳ್ಳಲು ಇಲ್ಲಿಗೇ ಬಂದು ನಿಲ್ಲುವುದಾದರೆ ಆಗ ಥಾರ್ ತಗೋ, ನಿಮ್ಮಪ್ಪನಿಗಿಂತ ಮೊದಲು ನಾನೇ ಹೂಂ ಅನ್ನುತ್ತೇನೆ. ಅಲ್ಲಿಯವರೆಗೆ ತೋಟದೊಳಗೆ ಓಡಾಡಲು ಮನೆಯ ಜೀಪು ಇದೆ. ನಿನ್ನ ಗಾಡಿಯನ್ನು ಟಾರು ರಸ್ತೆ ಮುಗಿಯುವಲ್ಲಿ, ನಮ್ಮ ಮನೆ ಅಂಗಳದಲ್ಲಿ ಬಿಡು. 15 ಆಂಪಿನ ಪಾಯಿಂಟ್ ಒಂದನ್ನು ಹಾಕಿಸಿಡುತ್ತೇನೆ.